ಚಳಿಗಾಲದ ಗುಡ್ಡೆ, ಬೆಳಗಿನ ಬೆಳಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂಗಾರು ಮಳೆ ನಿಂತ ದಿನದಿಂದ ಫೆಬ್ರವರಿ ನಡುವಿನ ತನಕ ಗಡಿನಾಡಿನ ಗುಡ್ಡಬೆಟ್ಟಗಳಲ್ಲಿ ನಡೆಯಲು, ಫೋಟೊ ತೆಗೆಯಲು ಒಳ್ಳೆಯ ಕಾಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡಿನವು. ತಮಿಳುನಾಡಿನ ತಾಳವಾಡಿ, ಹೊಸೂರು, ಆಂಧ್ರದ ರಾಯದುರ್ಗದಿಂದಲೂ ಬರೆದಿದ್ದಾರೆ. ಹತ್ತಿರ ಹತ್ತಿರದ ಪ್ರಶ್ನೆಗಳನ್ನು ಒಂದಾಗಿಸಿದ್ದೇವೆ.

ಕಾಸರಗೋಡಿನ ಪೊಸಡಿಗುಂಪೆ ಗುಡ್ಡೆಯ ಮೇಲೆ ನಿಂತರೆ ಕುದುರೆಮುಖದ ಸಾಲು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಮೊಬೈಲಿನಲ್ಲಿ ತೆಗೆದರೆ ಅಲ್ಲಿ ಬರೀ ಬಿಳಿ. ದೊಡ್ಡ ಕ್ಯಾಮೆರಾ ಕೊಂಡರೆ ಸರಿಹೋಗುತ್ತದೆಯೇ?
— ಪೈವಳಿಕೆಯ ಓದುಗರು

ಕ್ಯಾಮೆರಾ ಕೊಳ್ಳುವ ಮೊದಲು ಹೊತ್ತು ಬದಲಿಸಿ ನೋಡಿ. ಪೊಸಡಿಗುಂಪೆಯಿಂದ ಕುದುರೆಮುಖಕ್ಕೆ ನೇರವಾಗಿ ಅಳೆದರೂ ಸುಮಾರು 50 ಕಿಲೋಮೀಟರ್. ಅಷ್ಟು ಗಾಳಿಯನ್ನು ದಾಟಿಯೇ ಬೆಳಕು ನಿಮ್ಮ ಮೊಬೈಲಿಗೆ ಬರಬೇಕು. ಗಾಳಿಯಲ್ಲಿರುವ ಹೊಗೆ, ಧೂಳು, ಕಡಲ ಉಪ್ಪಿನ ಕಣಗಳು ತೇವ ಹೀರಿ ಉಬ್ಬಿ ಬೆಳಕನ್ನು ಚೆದುರಿಸುತ್ತವೆ. ಚೆದುರಿದ ಬೆಳಕು ದೂರದ ಬೆಟ್ಟದ ಕಪ್ಪಿನ ಮೇಲೆ ಬಿಳಿಯಾಗಿ ಕೂರುತ್ತದೆ. ನಮ್ಮ ಕಣ್ಣು ಅದನ್ನು ಕಳೆದು ಬೆಟ್ಟದ ಗೆರೆಯನ್ನು ಹುಡುಕಿಕೊಳ್ಳುತ್ತದೆ; ಕ್ಯಾಮೆರಾದೊಳಗಿನ ಬೆಳಕು ಹಿಡಿಯುವ ಸೆನ್ಸರ್ ಇದ್ದುದನ್ನು ಇದ್ದ ಹಾಗೆ ದಾಖಲಿಸುತ್ತದೆ. ಲಕ್ಷ ರೂಪಾಯಿಯ ಕ್ಯಾಮೆರಾ ಕೂಡ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಬಿಳಿಯನ್ನೇ ಕೊಡುತ್ತದೆ.

ಚಳಿಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ತಣಿದ ಮೇಲೆ ಬೆಳಗಿನ ತನಕ ಘಟ್ಟದ ಕಡೆಯಿಂದ ಒಣ ಮೂಡುಗಾಳಿ ಕಡಲಿನತ್ತ ಹರಿಯುತ್ತದೆ. ಹೊತ್ತೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ, ಪಡುಗಾಳಿ ಕಡಲ ತೇವವನ್ನು ಒಳನಾಡಿಗೆ ತರುತ್ತದೆ. ಇನ್ನೊಂದು ಸಂಗತಿಯೂ ಇದೆ. ಗಾಳಿಯಿಲ್ಲದ ತಿಳಿರಾತ್ರಿಗಳಲ್ಲಿ ತಣ್ಣನೆಯ ಗಾಳಿ ಕಣಿವೆಗೆ ಇಳಿದು ಮಂಜು, ಒಲೆಹೊಗೆ ಎಲ್ಲವನ್ನೂ ಅಲ್ಲೇ ಹಿಡಿದಿಡುತ್ತದೆ. ಆಗ ತೋಟ, ಬಯಲು, ಕಣಿವೆಗಳೆಲ್ಲ ಮಂಜಿನಡಿ ಇರುತ್ತವೆ, ಗುಡ್ಡೆಯ ನೆತ್ತಿ ಮಾತ್ರ ತಿಳಿಗಾಳಿಯಲ್ಲಿರುತ್ತದೆ. ಬಿಸಿಲು ಏರುತ್ತಿದ್ದಂತೆ ಕೆಳಗಿನದೆಲ್ಲ ಮೇಲೇಳುತ್ತದೆ. ಹೆಚ್ಚಿನ ದಿನಗಳಲ್ಲಿ ಎಂಟೂವರೆ, ಒಂಬತ್ತರ ಹೊತ್ತಿಗೆ ದೂರದ ನೋಟ ಕೆಟ್ಟುಹೋಗುತ್ತದೆ.

ಆದ್ದರಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಮೇಲಿರಿ. ಇಲ್ಲಿ ಡಿಸೆಂಬರ್ ನಡುವಿನಲ್ಲಿ ಹೊತ್ತು ಮೂಡುವುದು 6.45ರ ಸುಮಾರಿಗೆ, ಜನವರಿ ನಡುವಿನಲ್ಲಿ 6.55ಕ್ಕೆ. ಜನವರಿ ಕೊನೆಯ ತನಕ ಅದು ಇನ್ನೂ ಒಂದೆರಡು ನಿಮಿಷ ತಡವಾಗುತ್ತದೆ. ಧನುಪೂಜೆಗೆ ಏಳುವ ಹೊತ್ತಿಗೆ ಎದ್ದರೆ ಸಾಕು. ದಿನ ಆರಿಸುವುದಾದರೆ ಹಿಂಗಾರಿನ ಕೊನೆಯ ಮಳೆಯೊಂದು ಬಿದ್ದ ಮಾರನೆಯ ಅಥವಾ ಮೂರನೆಯ ಬೆಳಗು ಎಲ್ಲಕ್ಕಿಂತ ಒಳ್ಳೆಯದು. ಮಳೆ ಗಾಳಿಯನ್ನು ತೊಳೆದಿರುತ್ತದೆ.

ಈಗ ಮೊಬೈಲಿಗೆ ಬರೋಣ. ಮೊದಲು ಲೆನ್ಸ್ ಒರೆಸಿ. ತೆಂಗಿನೆಣ್ಣೆಯ ಬೆರಳಚ್ಚು ಒಂದಿದ್ದರೆ ಸಾಕು, ಎದುರು ಬೆಳಕಿನಲ್ಲಿ ಇಡೀ ಚಿತ್ರಕ್ಕೆ ಹಾಲು ಬಳಿದ ಹಾಗಾಗುತ್ತದೆ. ಕನ್ನಡಕದ ಬಟ್ಟೆ ಬಳಸಿ, ಪಂಚೆಯ ಅಂಚು ಬೇಡ. ಬೆರಳಿನಿಂದ ಎಳೆದು ಹಿಗ್ಗಿಸಬೇಡಿ, ಹಾಗೆ ಮಾಡಿದರೆ ಇದ್ದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿದಂತೆ. ದೂರದ್ದನ್ನು ಹತ್ತಿರ ತರುವ ಪ್ರತ್ಯೇಕ ಟೆಲಿ ಲೆನ್ಸ್ ಇದ್ದರೆ ಅದರದೇ ಗುಂಡಿ ಒತ್ತಿ. ಬೆಟ್ಟದ ಗೆರೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಬಂಧಿಸಿ, ಆಮೇಲೆ ಪಕ್ಕದ ಸೂರ್ಯನ ಗುರುತನ್ನು ತುಸು ಕೆಳಗೆ ಎಳೆಯಿರಿ. ಬೆಳಕು ಸ್ವಲ್ಪ ಕಡಿಮೆಯಾದಾಗ ಆಕಾಶ ಮತ್ತು ಬೆಟ್ಟ ಬೇರೆ ಬೇರೆಯಾಗಿ ನಿಲ್ಲುತ್ತವೆ. ಪ್ರೊ ಮೋಡ್ (ಎಲ್ಲವನ್ನೂ ನಾವೇ ಹೊಂದಿಸುವ ಬಗೆ) ಇದ್ದರೆ ಬೆಳಕು ಹಿಡಿಯುವ ಚುರುಕು, ಎಂದರೆ ಐಎಸ್‌ಒ 50ರಿಂದ 100, ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ 5200 ಕೆಲ್ವಿನ್. ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಬೆಳಗಿನ ಹೊಂಬಣ್ಣವನ್ನು ಅದು ದೋಷವೆಂದು ತಿಳಿದು ತೆಗೆದುಹಾಕುತ್ತದೆ.

ಚೆದುರಿದ ಬೆಳಕಿನ ಒಂದು ಪಾಲನ್ನು ತಡೆಯುವ ಪೋಲರೈಸರ್ ಫಿಲ್ಟರ್ ಬಗ್ಗೆ ಕೇಳದಿದ್ದರೂ ಹೇಳಬೇಕು, ಏಕೆಂದರೆ ನಿಮ್ಮ ಜಾಗಕ್ಕೆ ಅದು ಹೇಳಿ ಮಾಡಿಸಿದಂತಿದೆ. ಸೂರ್ಯನಿರುವ ದಿಕ್ಕಿಗೆ 90 ಡಿಗ್ರಿ ಅಡ್ಡವಾಗಿ ನೋಡುವಾಗ ಅದು ಹೆಚ್ಚು ಕೆಲಸ ಮಾಡುತ್ತದೆ. ಜನವರಿಯಲ್ಲಿ ಸೂರ್ಯ ಮೂಡುವುದು ನೇರ ಪೂರ್ವದಲ್ಲಲ್ಲ, ದಕ್ಷಿಣಕ್ಕೆ 20 ಡಿಗ್ರಿಗೂ ಹೆಚ್ಚು ಸರಿದು. ಕುದುರೆಮುಖ ನಿಮಗೆ ಉತ್ತರ ಈಶಾನ್ಯಕ್ಕೆ. ಎರಡರ ನಡುವಿನ ಕೋನ ಹೆಚ್ಚುಕಡಿಮೆ 90 ಡಿಗ್ರಿಯೇ. ಮೊಬೈಲಿಗೆ ಕ್ಲಿಪ್ ಹಾಕುವ ಫಿಲ್ಟರ್ ಸಿಗುತ್ತದೆ. ಪೋಲರಾಯ್ಡ್ ತಂಪು ಕನ್ನಡಕವನ್ನು ಲೆನ್ಸಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿದರೂ ವ್ಯತ್ಯಾಸ ಕಾಣುತ್ತದೆ. ಗುಡ್ಡೆಯ ಸಾಲುಗಳು ಒಂದರ ಹಿಂದೊಂದು ನೀಲಿ ಪದರಗಳಾಗಿ ಬರಬೇಕೆಂದಿದ್ದರೆ ಮಾತ್ರ ಫಿಲ್ಟರ್ ತೆಗೆದು ಸೂರ್ಯನ ಕಡೆಗೇ ತಿರುಗಿ. ಅಂಥ ಚಿತ್ರಕ್ಕೆ ಮಂಜೇ ಬಂಡವಾಳ, ಅದನ್ನು ಕಳೆಯಬಾರದು.

ಕಾಲೇಜಿನಿಂದ ಹತ್ತು ಮಂದಿ ರಾಣಿಪುರಕ್ಕೆ ಹೋಗುವವರಿದ್ದೇವೆ. ಎಷ್ಟು ಹೊತ್ತು ಬೇಕು? ಏನೆಲ್ಲ ಒಯ್ಯಬೇಕು? ಮೇಲಿನಿಂದ ಸೂರ್ಯೋದಯ ತೆಗೆಯಬಹುದೇ?
— ವಿದ್ಯಾರ್ಥಿನಿ, ಬದಿಯಡ್ಕ

ಸೂರ್ಯೋದಯದ ಆಸೆ ಬಿಡಿ. ಕಾಸರಗೋಡು ಜಿಲ್ಲೆಯ ಈ ಬೆಟ್ಟ ಕೇರಳ ಅರಣ್ಯ ಇಲಾಖೆಯ ಜಾಗ, ಬೆಳಕು ಹರಿದ ಮೇಲೆ ಟಿಕೆಟ್ ಪಡೆದೇ ಹತ್ತಬೇಕು. ಆಚೆ ಕಡೆ ಕೊಡಗಿನ ಕಾಡಿಗೆ ಸೇರಿಕೊಂಡಿರುವುದರಿಂದ ಆನೆ ಇಳಿದ ದಿನಗಳಲ್ಲಿ ಪ್ರವೇಶವನ್ನೇ ನಿಲ್ಲಿಸುತ್ತಾರೆ. ಹಿಂದಿನ ದಿನ ಫೋನ್ ಮಾಡಿ ಕೇಳದೆ ಹತ್ತು ಮಂದಿ ಹೊರಡಬೇಡಿ.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಚಾರಣಿಗರಿಗೆ ಉಪಯೋಗಕ್ಕೆ ಬರುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ರಾಣಿಪುರದಲ್ಲಿ ಗೇಟಿನಿಂದ ನೆತ್ತಿಗೆ ಸುಮಾರು ಎರಡೂವರೆ ಕಿಲೋಮೀಟರ್, ಏರು 250 ಮೀಟರ್ ಎಂದು ಹಿಡಿಯಿರಿ. ದೂರಕ್ಕೆ 30 ನಿಮಿಷ, ಏರಿಗೆ 25, ಒಟ್ಟು 55. ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಗುಂಪಿದ್ದರೆ, ಕೈಯಲ್ಲಿ ಕ್ಯಾಮೆರಾ ಇದ್ದರೆ ಒಂದೂವರೆ ಪಾಲು ಮಾಡಿ, ಎಂದರೆ ಒಂದು ಗಂಟೆ 25 ನಿಮಿಷ. ಇಳಿಯಲು 45 ನಿಮಿಷಕ್ಕಿಂತ ಕಡಿಮೆ ಇಡಬೇಡಿ. ಕಾಲು ಉಳುಕುವುದು ಹೆಚ್ಚಾಗಿ ಇಳಿಯುವಾಗ. ಚಳಿಗಾಲದಲ್ಲಿ ಒಣಗಿ ಮಲಗಿದ ಹುಲ್ಲು ಇಳಿಜಾರಿನಲ್ಲಿ ಎಣ್ಣೆ ಸವರಿದಷ್ಟೇ ಜಾರುತ್ತದೆ, ಅದರ ಕೆಳಗಿನ ಸಣ್ಣ ಕಲ್ಲುಗಳು ಚಪ್ಪಲಿಯಡಿ ಉರುಳುತ್ತವೆ. ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಬೂಟು ಹಾಕಿ. ಹಿಮ್ಮಡಿ ಊರಿ ಉದ್ದ ಹೆಜ್ಜೆ ಇಡುವ ಬದಲು ಮೊಣಕಾಲು ತುಸು ಬಗ್ಗಿಸಿ, ಇಡೀ ಪಾದ ಊರಿ, ಗಿಡ್ಡ ಹೆಜ್ಜೆ ಇಡಿ.

ಗೇಟು ತೆರೆದ ಕೂಡಲೇ ಹತ್ತುವ ಮೊದಲ ಗುಂಪು ನಿಮ್ಮದಾಗಲಿ. ಮೊದಲ ಭಾಗ ಮರಗಳ ನೆರಳಿನ ದಾರಿ, ಅಲ್ಲಿ ನಿಂತು ಹೊತ್ತು ಕಳೆಯಬೇಡಿ. ಮೇಲಿನ ಹುಲ್ಲುಗಾವಲಿಗೆ ಬೆಳಕು ಬೇಕು. ಜನವರಿಯಲ್ಲಿ ಎಂಟೂವರೆಗೆ ಸೂರ್ಯ ಇನ್ನೂ 20 ಡಿಗ್ರಿ ಎತ್ತರದಲ್ಲಿರುತ್ತಾನೆ, ನಿಮ್ಮ ನೆರಳು ನಿಮ್ಮ ಎತ್ತರದ ಎರಡೂವರೆ ಪಾಲಿಗೂ ಮಿಕ್ಕಿರುತ್ತದೆ. ಆ ಬೆಳಕಿನಲ್ಲಿ ಹುಲ್ಲಿನ ಪ್ರತಿ ಏರಿಳಿತವೂ ಎದ್ದು ಕಾಣುತ್ತದೆ. ಹತ್ತೂಮುಕ್ಕಾಲರಿಂದ ಮಧ್ಯಾಹ್ನ ಎರಡೂವರೆಯ ತನಕ ನೆರಳು ನಿಮಗಿಂತ ಗಿಡ್ಡ. ಆಗ ಹುಲ್ಲುಗಾವಲಿನ ಚಿತ್ರ ಚಪ್ಪಟೆ. ಗಡಿಯಾರಕ್ಕಿಂತ ನೆರಳನ್ನು ನೋಡಿ ತೀರ್ಮಾನಿಸುವುದು ಸುಲಭ.

ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ಚಳಿ ಇದೆಯೆಂದು ಬಾಯಾರಿಕೆ ತಿಳಿಯುವುದಿಲ್ಲ. ಬಾಳೆಹಣ್ಣು, ಅವಲಕ್ಕಿ, ಟೊಪ್ಪಿ, ತೆಳುವಾದ ಉದ್ದ ತೋಳಿನ ಅಂಗಿ. ಕ್ಯಾಮೆರಾ ಒಂದು, ಲೆನ್ಸ್ ಒಂದು. ಲೆನ್ಸಿನ 18 ಮಿಲಿಮೀಟರಿನ ಅಗಲ ನೋಟದಲ್ಲಿ ಎಫ್ 8 (ಬೆಳಕು ಬರುವ ಕಿಂಡಿಯ ಅಳತೆ) ಇಟ್ಟು, ಎರಡು ಮೀಟರಿಗಿಂತ ತುಸು ಆಚೆಗೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ದಿಗಂತದ ತನಕ ಎಲ್ಲವೂ ಸ್ಫುಟವಾಗಿ ಬರುತ್ತದೆ (ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರಿಗೆ ಈ ಲೆಕ್ಕ). ಎಫ್ 16, 22 ಎಂದು ಮುಚ್ಚುತ್ತ ಹೋದರೆ ಸ್ಫುಟತೆ ಹೆಚ್ಚುವುದಿಲ್ಲ, ಬೆಳಕು ಸಣ್ಣ ಕಿಂಡಿಯ ಅಂಚಿನಲ್ಲಿ ಹರಡಿ ಚಿತ್ರ ಮೆತ್ತಗಾಗುತ್ತದೆ.

ಚಳಿಗಾಲದಲ್ಲಿ ಜಿಗಣೆ ಇಲ್ಲವಲ್ಲ, ಮಕ್ಕಳನ್ನು ಚಡ್ಡಿಯಲ್ಲೇ ಕಾಡಂಚಿಗೆ ಕರೆದೊಯ್ಯಬಹುದೇ?
— ತಾಯಿ, ಅಡೂರು

ಬೇಡ. ಜಿಗಣೆ ಹೋದ ಮೇಲೆ ಉಣ್ಣೆಯ (ರಕ್ತ ಹೀರುವ ಉಣುಗಿನ) ಕಾಲ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದಲೇ, ಅದೂ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕದ ಒಣ ತಿಂಗಳುಗಳಲ್ಲಿ. 2015ರಲ್ಲಿ ವಯನಾಡಿನಲ್ಲೂ ಹಲವರಿಗೆ ಬಂದಿತ್ತು. ಈ ಒಣ ತಿಂಗಳುಗಳಲ್ಲಿ ಓಡಾಡುವ ಮರಿ ಉಣ್ಣೆಗಳು ಎಳ್ಳಿಗಿಂತ ಸಣ್ಣವು, ಕಚ್ಚಿದ್ದೂ ತಿಳಿಯುವುದಿಲ್ಲ.

ಮಕ್ಕಳಿಗೆ ತಿಳಿಬಣ್ಣದ ಉದ್ದ ಪ್ಯಾಂಟು ಹಾಕಿ, ಅದರ ಕಾಲುಗಳನ್ನು ಕಾಲುಚೀಲದೊಳಗೆ ಸೇರಿಸಿ. ತರಗೆಲೆಯ ಮೇಲೆ ಕೂರಿಸಬೇಡಿ. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮಕ್ಕಳಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳು, ಸೊಂಟ, ಮೊಣಕಾಲಿನ ಸಂದು ನೋಡಿ. ಉಣ್ಣೆ ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಮುಂದಿನ ಒಂದೆರಡು ವಾರಗಳಲ್ಲಿ ಒಮ್ಮೆಲೇ ಜ್ವರ, ಹಣೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಮೊದಲೇ ಹೇಳಬೇಕು.

ಊಟಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದನ್ನು ತೆಗೆಯುವ ಆಸೆ. ಎರಡು ವರ್ಷದಿಂದ ಹೋಗುತ್ತಿದ್ದೇವೆ, ದೊಡ್ಡಬೆಟ್ಟಕ್ಕೂ ಹತ್ತಿದೆವು, ಸಿಗಲೇ ಇಲ್ಲ.
— ಓದುಗರು, ತಾಳವಾಡಿ

ದೊಡ್ಡಬೆಟ್ಟ 2,637 ಮೀಟರ್, ನೀಲಗಿರಿಯಲ್ಲಿ ಎಲ್ಲಕ್ಕಿಂತ ಎತ್ತರ, ಆದ್ದರಿಂದ ಅಲ್ಲೇ ಹೆಚ್ಚು ಹೆಪ್ಪುಗಟ್ಟಬೇಕು ಎಂದು ಎಣಿಸಿದ್ದೀರಿ. ಆಗುವುದು ತಿರುಗುಮುರುಗು. ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿ ತಣಿದು ಭಾರವಾಗಿ ನೀರಿನಂತೆ ತಗ್ಗಿಗೆ ಹರಿಯುತ್ತದೆ. ನೆತ್ತಿಯಲ್ಲಿ ಗಾಳಿ ಬೀಸುತ್ತಲೇ ಇರುವುದರಿಂದ ತಣ್ಣನೆಯ ಪದರ ನಿಲ್ಲುವುದಿಲ್ಲ. ಹುಡುಕಬೇಕಾದ್ದು ಸುತ್ತ ಏರು ಇರುವ ಬಟ್ಟಲಿನಂಥ ಬಯಲು, ಕೆರೆದಂಡೆಯ ಹುಲ್ಲು, ಕಣಿವೆಯ ತರಕಾರಿ ಹೊಲ. ತಲೈಕುಂದಾ, ಕಾಂದಲ್, ಊಟಿಯ ಕುದುರೆ ಓಟದ ಬಯಲು, ಅವಲಾಂಚಿ ಕಡೆಯ ತಗ್ಗುಗಳಲ್ಲಿ ಪ್ರತಿ ಚಳಿಗಾಲವೂ ಬೀಳುತ್ತದೆ.

ರಾತ್ರಿಯನ್ನು ಆರಿಸುವುದು ಹೀಗೆ. ಸಂಜೆ ಆಕಾಶದಲ್ಲಿ ಮೋಡ ಇರಬಾರದು. ಮೋಡ ನೆಲದ ಶಾಖವನ್ನು ತಡೆದು ಹಿಂದಕ್ಕೆ ಕಳಿಸುತ್ತದೆ. ಮರದ ತುದಿ ಅಲುಗಬಾರದು. ಒಂಬತ್ತು ಗಂಟೆಗೆ ನಕ್ಷತ್ರ ಸ್ಪಷ್ಟವಾಗಿ ಕಂಡು, ಗಾಳಿ ನಿಂತು, ತಾಪಮಾನ 7–8 ಡಿಗ್ರಿಗೆ ಇಳಿದಿದ್ದರೆ ಅಲಾರಂ ಇಟ್ಟು ಮಲಗಿ. ಬೆಳಗ್ಗೆ ತಾಪಮಾಪಕ 3 ಡಿಗ್ರಿ ತೋರಿಸುತ್ತಿದೆ ಎಂದು ಹಾಸಿಗೆಗೆ ಮರಳಬೇಡಿ. ಅದು ಎದೆಯೆತ್ತರದ ಲೆಕ್ಕ, ಹುಲ್ಲಿನ ಮಟ್ಟದಲ್ಲಿ ಸೊನ್ನೆಗಿಂತ ಕೆಳಗಿರಬಹುದು. ನವೆಂಬರ್ ನಡುವಿನಿಂದ ಫೆಬ್ರವರಿ ತನಕ ಇದರ ಕಾಲ. ಜನವರಿಯಲ್ಲಿ ಅವಕಾಶ ಹೆಚ್ಚು.

ತಾಳವಾಡಿಯಿಂದ ಆ ಬೆಳಗ್ಗೆಯೇ ಹೊರಟು ತಲುಪುವುದು ಆಗದ ಮಾತು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ, ದಿಂಬಂ ಘಾಟಿಯಲ್ಲೂ ರಾತ್ರಿ ನಿರ್ಬಂಧವಿದೆ. ಊಟಿಯಲ್ಲಿ ಸೂರ್ಯ ಮೂಡುವುದು ಜನವರಿಯಲ್ಲಿ 6.45ರ ಸುಮಾರಿಗೆ, ಬಿಸಿಲು ತಾಗಿದ ಅರ್ಧ ಗಂಟೆಯಲ್ಲಿ ಬಿಳುಪೆಲ್ಲ ನೀರು. ಹಿಂದಿನ ರಾತ್ರಿ ಅಲ್ಲೇ ಉಳಿಯಿರಿ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು, ಅದನ್ನೂ ಮೊದಲೇ ಮಾಡಿಸಿಕೊಳ್ಳಿ.

ಚಿತ್ರ ತೆಗೆಯುವಾಗ ಮೊದಲ ಎಚ್ಚರಿಕೆ ಕಾಲಿಗೆ. ತುಳಿದ ಜಾಗ ಕಪ್ಪಾಗುತ್ತದೆ, ಮತ್ತೆ ಬಿಳುಪಾಗುವುದಿಲ್ಲ. ಬಯಲಿನ ಅಂಚಿನಲ್ಲೇ ನಿಂತು ಅಗಲ ನೋಟ ಮುಗಿಸಿ, ಆಮೇಲೆ ಒಳಗೆ ಹೋಗಿ ಮೊಣಕಾಲೂರಿ ಒಂದೊಂದು ಎಸಳು ತೆಗೆಯಿರಿ. ಮಂಡಿಯಡಿ ಒಂದು ಪ್ಲಾಸ್ಟಿಕ್ ಹಾಳೆ ಇರಲಿ. ಸೂರ್ಯ ಎದುರಿಗಿರುವಂತೆ ಕೂತರೆ ಹರಳುಗಳ ಅಂಚು ಮಿಂಚುತ್ತದೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಬೂದು ಎಂದು ತಿಳಿಯುವುದರಿಂದ ಬಿಳುಪು ಮಂಕಾಗಿ ಬರುತ್ತದೆ. ಎಕ್ಸ್‌ಪೋಷರನ್ನು 0.7ರಿಂದ 1 ಇವಿ (ಬೆಳಕಿನ ಮೆಟ್ಟಿಲು) ಹೆಚ್ಚಿಸಿ, ಹಿಸ್ಟೋಗ್ರಾಂ (ಚಿತ್ರದ ಕಪ್ಪು ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ಒತ್ತಿ ನಿಲ್ಲದಂತೆ ನೋಡಿಕೊಳ್ಳಿ. ಹತ್ತಿರದಿಂದ ತೆಗೆಯುವಾಗ ಉಸಿರು ಬಿಗಿಹಿಡಿಯಿರಿ. ಬಿಸಿಯುಸಿರು ಹರಳನ್ನು ಕರಗಿಸುತ್ತದೆ, ಲೆನ್ಸಿನ ಮೇಲೂ ಮಂಜು ಕೂರುತ್ತದೆ.

ಲಿಥಿಯಂ ಬ್ಯಾಟರಿ ಸೊನ್ನೆಯ ಹತ್ತಿರ ಬೇಗ ಸೋಲುತ್ತದೆ. ಖಾಲಿ ಎಂದು ತೋರಿಸಿದ್ದನ್ನು ಬಿಸಾಡಬೇಡಿ, ಒಳಜೇಬಿನಲ್ಲಿ ಹದಿನೈದು ನಿಮಿಷ ಇಟ್ಟರೆ ಮತ್ತೆ ಸ್ವಲ್ಪ ಕೆಲಸ ಮಾಡುತ್ತದೆ. ಬಿಸಿ ಚಹಾದ ಅಂಗಡಿಯೊಳಗೆ ಹೋಗುವ ಮೊದಲು, ಹೊರಗೇ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಮುಚ್ಚಿ. ಒಳಗಿನ ತೇವ ಚೀಲದ ಹೊರಮೈ ಮೇಲೆ ಕೂರಲಿ, ಲೆನ್ಸಿನ ಮೇಲೆ ಬೇಡ. ಕ್ಯಾಮೆರಾ ಬೆಚ್ಚಗಾದ ಮೇಲೆ, ಅಂದಾಜು ಒಂದು ಗಂಟೆ ಬಿಟ್ಟು ತೆರೆಯಿರಿ.

ನಮ್ಮಲ್ಲಿ ಅಂಥ ಚಳಿಯೇನಿಲ್ಲ. ಆದರೂ ಬೆಳಗ್ಗೆ ಕಾರಿನಿಂದಿಳಿದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ. ಲೆನ್ಸಿನೊಳಗೆ ಬಲೆಯಂಥ ಕಲೆಯೂ ಕಾಣುತ್ತಿದೆ.
— ಓದುಗರು, ಹೊಸದುರ್ಗ (ಕಾಸರಗೋಡು)

ಎರಡು ಬೇರೆ ಬೇರೆ ತೊಂದರೆಗಳು, ಬೇರು ಒಂದೇ: ಕಡಲಂಚಿನ ತೇವ. ಎಸಿಯಲ್ಲಿ ತಣಿದ ಗಾಜಿಗೆ ಹೊರಗಿನ ತೇವಗಾಳಿ ತಾಗಿದಾಗ ಹನಿಗಟ್ಟುತ್ತದೆ. ಇಳಿಯುವ ಅರ್ಧ ಗಂಟೆ ಮೊದಲು ಎಸಿ ನಿಲ್ಲಿಸಿ ಕಿಟಕಿ ತೆರೆಯಿರಿ, ಅಥವಾ ಚೀಲವನ್ನು ಡಿಕ್ಕಿಯಲ್ಲೇ ಇಡಿ. ಹಿಡಿದ ಮಂಜನ್ನು ಒರೆಸಿದರೆ ಮತ್ತೆ ಕೂರುತ್ತದೆ, ಗಾಜು ಬೆಚ್ಚಗಾಗಲು ಬಿಡಿ. ಆಗ ಲೆನ್ಸ್ ಬಿಚ್ಚಲೇಬಾರದು, ತೇವ ಒಳಗೆ ಸೇರುತ್ತದೆ.

ಬಲೆಯಂಥ ಕಲೆ ಫಂಗಸ್. ಬೇಗ ಅನುಭವಿ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ ಒರೆಸಿದರೆ ಉಳಿಯುತ್ತದೆ, ತಡವಾದರೆ ಅದು ಗಾಜಿನ ಲೇಪವನ್ನು ತಿಂದು ಶಾಶ್ವತ ಗುರುತು ಬಿಡುತ್ತದೆ. ಬಿಸಿಲಿಗೆ ಇಟ್ಟರೆ ಕಲೆ ಹೋಗುವುದಿಲ್ಲ. ಉಳಿದ ಲೆನ್ಸುಗಳನ್ನು ಕಾಪಾಡಲು ಗಾಳಿಯಾಡದ 10–12 ಲೀಟರಿನ ಪ್ಲಾಸ್ಟಿಕ್ ಡಬ್ಬ, 150 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಸಾಕು. ಮುಳ್ಳು 40ರಿಂದ 50 ಶೇಕಡಾದಲ್ಲಿರಲಿ. 60 ದಾಟಿತೆಂದರೆ ಜೆಲ್ ಸೋತಿದೆ ಎಂದರ್ಥ. 120 ಡಿಗ್ರಿ ಓವನ್‌ನಲ್ಲಿ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತು ಇರುವುದರಿಂದ ಅಡುಗೆ ಮಾಡುವ ಓವನ್‌ಗೆ ಅದು ಬೇಡ, ಕಿತ್ತಳೆ ಬಣ್ಣದ್ದು ಕೊಳ್ಳಿ. ಚರ್ಮದ ಚೀಲದೊಳಗೆ ಲೆನ್ಸ್ ಇಟ್ಟು ಕಪಾಟು ಮುಚ್ಚುವುದು ಫಂಗಸ್‌ಗೆ ಗೊಬ್ಬರ ಹಾಕಿದಂತೆ.

ಫೆಬ್ರವರಿ ಕೊನೆಯಲ್ಲಿ ರಜೆ ಸಿಗುತ್ತದೆ. ತಮಿಳುನಾಡಿನ ಯಾವ ಬೆಟ್ಟಕ್ಕೆ ಹೋಗಬಹುದು?
— ಓದುಗರು, ಹೊಸೂರು

ರಜೆಯನ್ನು ಜನವರಿಗೆ ತಂದುಕೊಳ್ಳಲು ನೋಡಿ. ತಮಿಳುನಾಡು ಸರಕಾರ 2024ರ ಅಕ್ಟೋಬರಿನಲ್ಲಿ 40 ಚಾರಣ ದಾರಿಗಳನ್ನು ಆನ್‌ಲೈನ್ ಬುಕಿಂಗ್ ಮತ್ತು ಮಾರ್ಗದರ್ಶಕರ ಸಹಿತ ತೆರೆದಿದೆ. ಆದರೆ 2025ರಲ್ಲಿ ಫೆಬ್ರವರಿ 15ರಿಂದ ಏಪ್ರಿಲ್ 15ರ ತನಕ ಕಾಳ್ಗಿಚ್ಚಿನ ಭಯಕ್ಕೆ ಮುಚ್ಚಿದ್ದರು. 2018ರ ಮಾರ್ಚ್ 11ರಂದು ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದ ಬೆಂಕಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಅನುಮತಿಯಿಲ್ಲದ ದಾರಿಯಲ್ಲಿ ಯಾರಾದರೂ ಕರೆದೊಯ್ಯುತ್ತೇವೆ ಎಂದರೆ ಹೋಗಬೇಡಿ.

ಒಣಹುಲ್ಲಿನ ಬೆಟ್ಟದಲ್ಲಿ ಹೊಗೆ ಕಂಡರೆ ಏನು ಮಾಡಬೇಕೆಂಬುದು ಕಾಸರಗೋಡಿನ ಮುಳಿಹುಲ್ಲಿನ ಗುಡ್ಡೆಗಳಲ್ಲಿ ನಡೆಯುವವರಿಗೂ ಗೊತ್ತಿರಬೇಕು. ಮೇಲಕ್ಕೆ ಓಡಬಾರದು. ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸುವುದರಿಂದ ಬೆಂಕಿ ಏರಿನಲ್ಲಿ ಮನುಷ್ಯನಿಗಿಂತ ವೇಗವಾಗಿ ಹತ್ತುತ್ತದೆ. ಬೆಂಕಿಗೆ ಅಡ್ಡವಾಗಿ, ಬೋಳು ಪಾದೆಕಲ್ಲಿನ ಕಡೆಗೆ ಅಥವಾ ಈಗಾಗಲೇ ಸುಟ್ಟು ತಣಿದ ಜಾಗಕ್ಕೆ ಸರಿಯಿರಿ. ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ, ಈ ಕಾಲದಲ್ಲಿ ಹತ್ತಿಯ ಅಂಗಿಯೇ ಮೇಲು.

ರಾಯದುರ್ಗದ ಕೋಟೆಬೆಟ್ಟವನ್ನು ಬೆಳಗಿನ ಬೆಳಕಿನಲ್ಲಿ ತೆಗೆಯಬೇಕು. ಕರಡಿ, ಹೆಜ್ಜೇನು ಎಂದು ಮನೆಯವರು ಹೆದರಿಸುತ್ತಾರೆ.
— ಓದುಗರು, ರಾಯದುರ್ಗ

ಮನೆಯವರ ಮಾತು ಸರಿ. ಬಳ್ಳಾರಿ, ಅನಂತಪುರ ಸೀಮೆಯ ಬಂಡೆಗುಡ್ಡಗಳ ಗವಿಗಳಲ್ಲಿ ಕರಡಿ ಹಗಲು ಮಲಗುತ್ತದೆ. ರಾತ್ರಿಯ ಮೇವು ಮುಗಿಸಿ ಅದು ಮರಳುವುದೂ ನೀವು ಹೊರಡುವುದೂ ಒಂದೇ ಹೊತ್ತು. ಇಲ್ಲಿ ಮಾತ್ರ ಬೆಳಗಿನ ಮೊದಲ ಬೆಳಕನ್ನು ಊರಿನ ಕಡೆಯಿಂದಲೇ, ಕೆಳಗೆ ನಿಂತು ತೆಗೆಯಿರಿ. 70ರಿಂದ 200 ಮಿಲಿಮೀಟರಿನ ಲೆನ್ಸ್ ಇದ್ದರೆ ಕೋಟೆಗೋಡೆ ಮತ್ತು ಬಂಡೆಗಳು ಕೆಳಗಿನಿಂದಲೇ ಚೆನ್ನಾಗಿ ಬರುತ್ತವೆ. ಬಿಸಿಲು ಬಂದು ಜನ ಓಡಾಡತೊಡಗಿದ ಮೇಲೆ ಮೂರು ನಾಲ್ಕು ಮಂದಿ ಸೇರಿ, ಮಾತಾಡುತ್ತ, ಮೆಟ್ಟಿಲ ದಾರಿಯಲ್ಲೇ ಹತ್ತಿ. ಬಂಡೆಗಳ ಸಂದಿಗೆ ಇಣುಕಬೇಡಿ.

ಹೆಜ್ಜೇನಿನ ತಟ್ಟಿ ಬಂಡೆಯ ಚಾಚಿನಡಿ ನೇತಾಡುತ್ತಿದ್ದರೆ ಅದರ ಕೆಳಗಿನಿಂದ ಹಾಯಬೇಡಿ. ಅತ್ತರು, ಸಿಗರೇಟು, ಹತ್ತಿರ ಹಾರಿಸಿದ ಡ್ರೋನ್, ಇವು ಅವನ್ನು ಕೆರಳಿಸುತ್ತವೆ. ಎದ್ದರೆ ಕೈ ಬೀಸದೆ ಮುಖ ಮುಚ್ಚಿ ದೂರ ಓಡಬೇಕು. ಚುಚ್ಚಿದ ಮುಳ್ಳನ್ನು ಉಗುರಿನಿಂದಾದರೂ ಸರಿ, ಕೂಡಲೇ ಕೆರೆದು ತೆಗೆಯಿರಿ. ತಡವಾದಷ್ಟೂ ವಿಷ ಹೆಚ್ಚು ಒಳಗಿಳಿಯುತ್ತದೆ. ಉಸಿರು ಕಟ್ಟಿದಂತಾದರೆ, ತುಟಿ ನಾಲಿಗೆ ಊದಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸಂಜೆ ಐದರ ಮೇಲೆ ಬಂಡೆಗಳಿಗೆ ಪಶ್ಚಿಮದ ಬೆಳಕು ಬೀಳುವಾಗಲೂ ಒಳ್ಳೆಯ ಚಿತ್ರ ಸಿಗುತ್ತದೆ. ಹೊತ್ತು ಮುಳುಗುವ ಮೊದಲೇ ಕೆಳಗಿಳಿದಿರುವಂತೆ ಲೆಕ್ಕ ಹಾಕಿ, ಟಾರ್ಚ್ ಜೇಬಿನಲ್ಲಿರಲಿ.